ಆಕ್ಸಿಡೆಂಟ್ ಕ್ಲೇಮ್ ಹಾಕೋರು ಡಿಸ್ಚಾರ್ಜ್ ಸಮ್ಮರಿ ಮೇಲೆ ಸೀಲ್ ಎಲ್ಲಿ ಬಿದ್ದಿದೆ ಅಂತ ಒಂದ್ಸಲ ನೋಡ್ಕೊಳ್ಳಿ

ನಮ್ ಭಾವ ಮದುವೆ ರಿಸೆಪ್ಷನ್‌ಗಳಲ್ಲೂ ಬಾದಾಮಿ ಹಾಲು ಹಿಡ್ಕೊಂಡು ಮೂಲೇಲಿ ಕೂರೋ ಮನುಷ್ಯ. ಅಂಥೋರಿಗೆ ಇನ್ಶೂರೆನ್ಸ್ ಕಂಪನಿಯಿಂದ ‘ಮದ್ಯದ ಅಮಲಿನಲ್ಲಿ ಆದ ಅಪಘಾತ, ಕ್ಲೇಮ್ ತಿರಸ್ಕರಿಸಲಾಗಿದೆ’ ಅಂತ ಮೇಲ್ ಬಂತು.

ಆಗಿದ್ದಿಷ್ಟು. ಬೆಂಗಳೂರಿನ ಸುಮನಹಳ್ಳಿ ಜಂಕ್ಷನ್ ಹತ್ರ ಸಂಜೆ ಮಳೇಲಿ ಕಾರೊಂದು ಎಡಕ್ಕೆ ಕಟ್ ಹೊಡೀತು, ಭಾವ ಸ್ಕೂಟರ್ ಸಮೇತ ಬಿದ್ರು, ಮೊಣಕಾಲ ಕೆಳಗೆ ಮೂಳೆ ಮುರೀತು. ಆಟೋದವ್ರು ಪುಣ್ಯಾತ್ಮರು, ಹತ್ತಿರದ ಆಸ್ಪತ್ರೆಗೆ ಹಾಕ್ಕೊಂಡ್ ಹೋದ್ರು, ಅದು ಇನ್ಶೂರೆನ್ಸ್ ಕಂಪನಿಯ ನೆಟ್‌ವರ್ಕ್‌ನಲ್ಲಿ ಇರ್ಲಿಲ್ಲ, ಹಾಗಾಗಿ ಕ್ಯಾಶ್‌ಲೆಸ್ ಇಲ್ಲ, ದುಡ್ಡು ನಾವೇ ಮೊದ್ಲು ಕಟ್ಬೇಕು. ರಾಡ್ ಹಾಕಿ ನಾಲ್ಕು ದಿನಕ್ಕೆ 2,18,000 ಬಿಲ್. ಅಕ್ಕ ಬಳೆ ಅಡ ಇಟ್ಟು ಕಟ್ಟಿದ್ಲು.

ರೀಇಂಬರ್ಸ್‌ಮೆಂಟ್‌ಗೆ ನಾನೇ ಆಪ್‌ನಲ್ಲಿ ಪೇಪರ್ ಎಲ್ಲಾ ಅಪ್‌ಲೋಡ್ ಮಾಡ್ದೆ, ರಾತ್ರಿ ಊಟ ಆದ್ಮೇಲೆ. ‘ಎಐ ಮೂಲಕ ನಿಮಿಷಗಳಲ್ಲಿ ಕ್ಲೇಮ್’ ಅಂತ ಆಪ್ ತೆಗೆದ ತಕ್ಷಣ ದೊಡ್ಡದಾಗಿ ಬರುತ್ತೆ. ನಿಜವಾಗ್ಲೂ ನಿಮಿಷಗಳಲ್ಲೇ ಬಂತು. ಹನ್ನೊಂದೇ ನಿಮಿಷ. ರಿಜೆಕ್ಟ್!

ಅಕ್ಕನಿಗೆ ದುಡ್ಡಿಗಿಂತ ಆ ‘ಮದ್ಯ’ ಅನ್ನೋ ಪದವೇ ಚುಚ್ಚಿದ್ದು, ಯಾಕಂದ್ರೆ ಅತ್ತೆ ಪಕ್ಕದಲ್ಲೇ ಕೂತು ಕೇಳಿಸ್ಕೊಂಡಿದ್ರು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ ಬಾಟ್, ಒಂದು ಒತ್ತಿ ಎರಡು ಒತ್ತಿ, ಕೊನೆಗೊಬ್ಬ ಹುಡುಗಿ ಸಿಕ್ಕಿ ‘ಸರ್ ಅದು ಸಿಸ್ಟಂ ಡಿಸಿಷನ್, ನಮಗೆ ಎಡಿಟ್ ಆಪ್ಷನ್ ಇಲ್ಲ’ ಅಂದ್ಲು. ಪಾಪ ಅವಳದೇನು ತಪ್ಪು.

ಆಮೇಲೆ ನಾನು ಅಪ್‌ಲೋಡ್ ಮಾಡಿದ ಫೋಟೋನ ದೊಡ್ಡದು ಮಾಡಿ ನೋಡ್ದೆ. ಡಿಸ್ಚಾರ್ಜ್ ಸಮ್ಮರೀಲಿ ಡಾಕ್ಟ್ರು ಬರೆದಿದ್ದು ‘ನೋ ಹಿಸ್ಟರಿ ಆಫ್ ಆಲ್ಕೋಹಾಲ್ ಕನ್ಸಂಪ್ಷನ್’. ಆಸ್ಪತ್ರೆಯ ನೇರಳೆ ಬಣ್ಣದ ರೌಂಡ್ ಸೀಲ್ ಸರಿಯಾಗಿ ಆ ‘ನೋ’ ಮೇಲೆ ಕೂತಿತ್ತು. ಮಿಷಿನ್‌ಗೆ ಉಳಿದಿದ್ದು ಹಿಸ್ಟರಿ ಆಫ್ ಆಲ್ಕೋಹಾಲ್. ಮನುಷ್ಯ ಓದಿದ್ರೆ ಪೇಪರ್ ಓರೆ ಮಾಡಿ ನೋಡ್ತಿದ್ದ, ಇಲ್ಲಾಂದ್ರೆ ಆಸ್ಪತ್ರೆಗೆ ಒಂದು ಫೋನ್ ಹಾಕ್ತಿದ್ದ. ಬೇರೆ ಕಾರಣ ಏನಾದ್ರೂ ಇತ್ತಾ ಅಂತ ಕೇಳ್ದೆ, ಯಾರೂ ಹೇಳ್ಲಿಲ್ಲ.

ನಮ್ ಬೀದೀಲಿ ಇನ್ಶೂರೆನ್ಸ್ ಕಂಪನೀಲಿ ರಿಟೈರ್ ಆದ ಅಂಕಲ್ ಒಬ್ರಿದ್ದಾರೆ, ದಾರಿ ತೋರಿಸಿದ್ದು ಅವರೇ. ಐಆರ್‌ಡಿಎಐ ಅನ್ನೋ ವಿಮಾ ನಿಯಂತ್ರಣ ಸಂಸ್ಥೆ 2024ರಲ್ಲಿ ಹೆಲ್ತ್ ಇನ್ಶೂರೆನ್ಸ್‌ಗೆ ಮಾಸ್ಟರ್ ಸರ್ಕ್ಯುಲರ್ ಹೊರಡಿಸಿದೆ, ಅದರ ಪ್ರಕಾರ ಕಂಪನಿಯ ಪ್ರಾಡಕ್ಟ್ ಮ್ಯಾನೇಜ್‌ಮೆಂಟ್ ಕಮಿಟಿ ಅಥವಾ ಅದರದೇ ಮೂರು ಜನರ ಕ್ಲೇಮ್ಸ್ ರಿವ್ಯೂ ಕಮಿಟಿ ಒಪ್ಪದೆ ಕ್ಲೇಮ್ ತಿರಸ್ಕರಿಸೋ ಹಾಗೇ ಇಲ್ಲ, ಜೊತೆಗೆ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಅಂತಾನೂ ಬರೀಬೇಕು. ಹನ್ನೊಂದು ನಿಮಿಷದಲ್ಲಿ ರಾತ್ರಿ ಹೊತ್ತು ಯಾವ ಕಮಿಟಿ ಕೂತಿತ್ತು? ಇದನ್ನೇ ಕೇಳಿ ಕಂಪನಿಯ ಗ್ರಿವೆನ್ಸ್ ಆಫೀಸರ್‌ಗೆ ಮೇಲ್ ಹಾಕಿದ್ವಿ. ಜೊತೆಗೆ ಆಸ್ಪತ್ರೆ ಲೆಟರ್‌ಹೆಡ್‌ನಲ್ಲಿ ‘ಮದ್ಯ ಸೇವಿಸಿರಲಿಲ್ಲ’ ಅಂತ ಪತ್ರ, ಕ್ಯಾಶುಯಾಲ್ಟಿ ಶೀಟ್, ಎಂಎಲ್‌ಸಿ (ಅಪಘಾತದಂಥ ಪೊಲೀಸ್ ಕೇಸಿಗೆ ಆಸ್ಪತ್ರೆ ಬರೆಯೋ ದಾಖಲೆ) ಕಾಪಿ. ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದೂರು ಹಾಕಿದ್ವಿ.

ಹತ್ತೊಂಬತ್ತನೇ ದಿನ ಒಬ್ಬ ಮನುಷ್ಯ, ನಿಜವಾದ ಮನುಷ್ಯ, ಫೋನ್ ಮಾಡಿದ. ಗ್ಲೌಸು ಅದು ಇದು ಅಂತ ಕಟ್ ಮಾಡಿ 1,94,000 ಕೊಟ್ರು. ಮೊದಲ್ನೇ ಮೇಲ್ ಬಗ್ಗೆ ಒಂದು ಕ್ಷಮೆನೂ ಇಲ್ಲ. ಆ ರಿಜೆಕ್ಷನ್ ವಾಪಸ್ ತಗೊಂಡಿದ್ದೀವಿ ಅಂತ ಲಿಖಿತವಾಗಿ ಕೊಡಿ ಅಂತ ಹಟ ಹಿಡಿದು ತಗೊಂಡೆ, ಯಾಕಂದ್ರೆ ಕಾರಿನವನ ಮೇಲೆ ಎಂಎಸಿಟಿ (ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ) ಕೇಸ್ ಹಾಕ್ತಿದ್ದೀವಿ, ಅಲ್ಲಿ ಎದುರು ಪಾರ್ಟಿ ಲಾಯರ್ ಕೈಗೆ ಈ ‘ಕುಡಿದಿದ್ರು’ ಪತ್ರ ಸಿಕ್ರೆ ಪರಿಹಾರಕ್ಕೇ ಕತ್ತರಿ ಹಾಕೋಕೆ ನೋಡ್ತಾರೆ.

ಕಂಪನಿ ತಿಂಗಳಾದ್ರೂ ಉತ್ತರ ಕೊಡದಿದ್ರೆ, ಅಥವಾ ಕೊಟ್ಟ ಉತ್ತರ ಒಪ್ಪಿಗೆ ಆಗದಿದ್ರೆ, ಜೆಪಿ ನಗರ ಫಸ್ಟ್ ಫೇಸ್‌ನ ಜೀವನ್ ಸೌಧದಲ್ಲಿ ಇನ್ಶೂರೆನ್ಸ್ ಒಂಬುಡ್ಸ್‌ಮನ್ ಅಂದ್ರೆ ವಿಮೆ ದೂರು ಇತ್ಯರ್ಥ ಮಾಡೋ ಅಧಿಕಾರಿಯ ಆಫೀಸಿದೆ. ಫೀಸ್ ಇಲ್ಲ, ಲಾಯರ್ ಬೇಡ, 50 ಲಕ್ಷದವರೆಗಿನ ದೂರು ತಗೋತಾರೆ. ಒಂದು ವರ್ಷದೊಳಗೆ ಹೋಗ್ಬೇಕು ಅಷ್ಟೇ. ನಮಗೆ ಅಲ್ಲಿವರೆಗೆ ಹೋಗೋ ಪ್ರಮೇಯ ಬರ್ಲಿಲ್ಲ.

ಮೊನ್ನೆ ಚೆಕಪ್‌ಗೆ ಹೋದಾಗ ಬಿಲ್ಲಿಂಗ್ ಹುಡುಗ ಮತ್ತೆ ಸೀಲ್ ಎತ್ತಿದ. ಅಕ್ಷರದ ಮೇಲೆ ಅಂಗೈ ಅಡ್ಡ ಇಟ್ಟು ‘ಇಲ್ಲಿ ಸೈಡಲ್ಲಿ ಹಾಕಪ್ಪ’ ಅಂದೆ. ವಿಚಿತ್ರವಾಗಿ ನೋಡ್ದ, ಹಾಕ್ದ.