ಮಗುವಿನ ಮುಂಹಲ್ಲಿನ ಸಂದಿಗೆ ರಬ್ಬರ್ ಬ್ಯಾಂಡ್ ಹಾಕಬೇಡಿ

ಮೇಲಿನ ಎರಡು ಮುಂಹಲ್ಲುಗಳ ನಡುವೆ ಸಂದಿ ಇದ್ದರೆ ಎರಡಕ್ಕೂ ಸೇರಿಸಿ ಪುಟ್ಟದೊಂದು ರಬ್ಬರ್ ಬ್ಯಾಂಡ್ ಸುತ್ತಿ ಮಲಗಿ, ಕೆಲವೇ ದಿನಗಳಲ್ಲಿ ಮುಚ್ಚಿಹೋಗುತ್ತದೆ ಎನ್ನುವ ವಿಡಿಯೊಗಳು ಓಡಾಡುತ್ತಿವೆ. ಅದಕ್ಕೆಂದೇ ಬ್ಯಾಂಡಿನ ಪೊಟ್ಟಣಗಳೂ ಆನ್‌ಲೈನಿನಲ್ಲಿ ಸಿಗುತ್ತವೆ. ಸಂದಿ ಮುಚ್ಚುವುದು ನಿಜ. ಅದರ ಹಿಂದೆಯೇ ಆ ಎರಡೂ ಹಲ್ಲನ್ನು ಕಳೆದುಕೊಂಡ ಮಕ್ಕಳಿದ್ದಾರೆ ಎನ್ನುವುದೂ ಅಷ್ಟೇ ನಿಜ. ಹುಳುಕಿಲ್ಲದ, ಆಗಷ್ಟೇ ಬಂದ ಶಾಶ್ವತ ಹಲ್ಲುಗಳು ಅವು.

ಹೀಗೆ ಕೆಟ್ಟ ಬಾಯಿಗಳ ಕಥೆ ಹೆಚ್ಚುಕಡಿಮೆ ಒಂದೇ. ಮಗುವಿಗೆ ಎಂಟೋ ಒಂಬತ್ತೋ ವರ್ಷ. ಶಾಲೆಯಲ್ಲಿ ಯಾರೋ ಆಡಿಕೊಂಡಿರುತ್ತಾರೆ. ಮನೆಯವರು ರಾತ್ರಿ ಬ್ಯಾಂಡ್ ಹಾಕುತ್ತಾರೆ, ಬೆಳಿಗ್ಗೆ ನೋಡಿದರೆ ಅದು ಇಲ್ಲ. ನಿದ್ದೆಯಲ್ಲಿ ಬಿದ್ದಿರಬೇಕು ಅಥವಾ ನುಂಗಿರಬೇಕು ಅಂದುಕೊಂಡು ಇನ್ನೊಂದು ಹಾಕುತ್ತಾರೆ. ಹಲ್ಲುಗಳು ಒಂದಕ್ಕೊಂದು ತಾಗಿದಾಗ ಎಲ್ಲರಿಗೂ ಸಂತೋಷ. ಕೆಲವು ವಾರ ಕಳೆದ ಮೇಲೆ ಆ ಎರಡರ ಸುತ್ತ ಮಾತ್ರ ಒಸಡು ಕೆಂಪಾಗಿ ಊದಿಕೊಳ್ಳುತ್ತದೆ, ಒತ್ತಿದರೆ ಕೀವು ಬರುತ್ತದೆ. ಹಲ್ಲು ಮೊದಲಿಗಿಂತ ಉದ್ದವಾದ ಹಾಗೆ ಕಾಣುತ್ತದೆ, ನಾಲಿಗೆ ತಾಗಿದರೂ ಅಲುಗುತ್ತದೆ. ಆಗ ವೈದ್ಯರ ಹತ್ತಿರ ಓಡುತ್ತಾರೆ. ಬ್ಯಾಂಡಿನ ಮಾತು ಮಾತ್ರ ಎತ್ತುವುದಿಲ್ಲ. ಅದು ಎಂದೋ ಬಿದ್ದುಹೋಯಿತಲ್ಲ!

ಬಿದ್ದಿರುವುದಿಲ್ಲ. ಒಸಡಿನೊಳಕ್ಕೆ ಏರಿರುತ್ತದೆ. ಮೇಲಿನ ಮುಂಹಲ್ಲಿನ ಪೂರ್ತಿ ಉದ್ದ ಸುಮಾರು 23 ಮಿ.ಮೀ. ಅದರಲ್ಲಿ ಕಣ್ಣಿಗೆ ಕಾಣುವುದು 10–11 ಮಿ.ಮೀ., ಮಿಕ್ಕಿದ್ದೆಲ್ಲ ಬೇರು. ಹಲ್ಲು ಕಚ್ಚುವ ಅಂಚಿನ ಹತ್ತಿರ ಅಗಲವಾಗಿದ್ದು ಒಸಡಿನ ಕಡೆಗೆ ಕಿರಿದಾಗುತ್ತದೆ, ಬೇರು ಇನ್ನೂ ಚೂಪಾಗುತ್ತ ಹೋಗುತ್ತದೆ. ಮೂಲಂಗಿಗೆ ಬಿಗಿಯಾದ ರಬ್ಬರ್ ಸುತ್ತಿ ನೋಡಿ, ಸಣ್ಣ ತುದಿಯ ಕಡೆಗೇ ಜಾರುತ್ತದೆ. ಬಾಯಲ್ಲಿ ಆ ತುದಿ ಇರುವುದು ದವಡೆಯ ಮೂಳೆಯೊಳಗೆ. ಬೇರನ್ನು ಮೂಳೆಗೆ ಹಿಡಿದಿಟ್ಟಿರುವ ನಾರಿನ ಪದರದ ದಪ್ಪ ಬರೀ 0.2 ಮಿ.ಮೀ.ನಷ್ಟು. ಬ್ಯಾಂಡ್ ಏರುತ್ತ ಆ ನಾರನ್ನು ಕತ್ತರಿಸುತ್ತದೆ, ಅದರ ಬೆನ್ನಿಗೇ ಬಾಯಿಯ ಸೂಕ್ಷ್ಮಾಣುಗಳು ಒಳಹೊಕ್ಕು ಮೂಳೆ ಕರಗುತ್ತದೆ. ಚೂಪು ಬೇರನ್ನು ರಬ್ಬರ್ ಹಿಂಡಿದಂತೆಲ್ಲ ಹಲ್ಲು ಹೊರಕ್ಕೆ ಜಾರುತ್ತದೆ. ಉದ್ದವಾದಂತೆ ಕಾಣುವುದು ಅದಕ್ಕೇ.

ಎಕ್ಸ್‌ರೇಯಲ್ಲಿ ಕರಗಿದ ಮೂಳೆ ಕಾಣುತ್ತದೆ, ರಬ್ಬರ್ ಸಾಮಾನ್ಯವಾಗಿ ಕಾಣುವುದಿಲ್ಲ. ಹಾಗಾಗಿ ಎಳೆಯ ವಯಸ್ಸಿನವರಿಗೆ ಬರುವ ಒಸಡಿನ ಕಾಯಿಲೆಯೆಂದು ವೈದ್ಯರೂ ತಪ್ಪು ತಿಳಿಯಬಹುದು. ನೀವೇ ಬಾಯಿಬಿಟ್ಟು ಹೇಳಿ: ಯಾವತ್ತು ಹಾಕಿದ್ದು, ಎಷ್ಟು ಹಾಕಿದ್ದು, ಎಷ್ಟು ವಾಪಸ್ ಸಿಕ್ಕಿಲ್ಲ. ಬೈಸಿಕೊಳ್ಳಬೇಕಾದೀತು ಎಂಬ ಅಂಜಿಕೆಗೆ ಮಗುವಿನ ಹಲ್ಲು ಬಲಿಯಾಗಬಾರದು. ಒಂದೇ ಒಂದು ಬ್ಯಾಂಡ್ ಕಾಣೆಯಾಗಿದ್ದರೂ, ನೋವು ಇಲ್ಲದಿದ್ದರೂ, ಮಾರನೆಯ ದಿನವೇ ತೋರಿಸಿ. ಪಿನ್ನು, ಚಿಮಟ ಹಾಕಿ ಮನೆಯಲ್ಲಿ ಕೆದಕಬೇಡಿ.

ಆಳಕ್ಕೆ ಹೋಗಿದ್ದರೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಒಸಡು ಬಿಡಿಸಿ, ಬ್ಯಾಂಡ್ ತೆಗೆದು, ಒಳಗೆಲ್ಲ ಸ್ವಚ್ಛ ಮಾಡಿ, ಅಲುಗುವ ಹಲ್ಲುಗಳನ್ನು ಪಕ್ಕದ ಗಟ್ಟಿ ಹಲ್ಲುಗಳ ಜೊತೆ ತಂತಿಯಿಂದ ಸೇರಿಸಿ ಕೂರಿಸುತ್ತಾರೆ. ಬೇಗ ಬಂದವರ ಹಲ್ಲು ಉಳಿಯುವ ಆಸೆ ಇರುತ್ತದೆ. ಬೇರಿನ ತುದಿಯವರೆಗೂ ಮೂಳೆ ಹೋಗಿದ್ದರೆ ಕೀಳುವುದೊಂದೇ ದಾರಿ. ಬೆಳೆಯುತ್ತಿರುವ ದವಡೆಗೆ ಇಂಪ್ಲಾಂಟ್, ಅಂದರೆ ಮೂಳೆಯೊಳಗೆ ಕೂರಿಸುವ ಕೃತಕ ಬೇರು, ಹಾಕುವಂತಿಲ್ಲ. ಬೆಳವಣಿಗೆ ನಿಲ್ಲುವ ತನಕ, ಅಂದರೆ ಹದಿಹರೆಯವೆಲ್ಲ, ಆ ಮಗು ಕಟ್ಟಿಸಿದ ಹಲ್ಲಿನಲ್ಲೇ ಶಾಲೆ ಕಾಲೇಜಿಗೆ ಹೋಗಬೇಕು.

ಹೊಟ್ಟೆ ಉರಿಯುವ ಸಂಗತಿಯೆಂದರೆ, ಈ ವಯಸ್ಸಿನ ಸಂದಿಗೆ ಎಷ್ಟೋ ಸಲ ಚಿಕಿತ್ಸೆಯೇ ಬೇಕಿರುವುದಿಲ್ಲ. ಏಳೆಂಟರಿಂದ ಹನ್ನೊಂದು ಹನ್ನೆರಡರ ತನಕ ಮುಂಹಲ್ಲುಗಳು ಬೀಸಣಿಗೆಯ ಹಾಗೆ ಹರಡಿಕೊಂಡಿರುತ್ತವೆ. ಅಮೆರಿಕದ ದಂತವೈದ್ಯ ಬ್ರಾಡ್‌ಬೆಂಟ್ 1937ರಲ್ಲಿ ವಿವರಿಸಿದ ಈ ಘಟ್ಟಕ್ಕೆ ದಂತವೈದ್ಯರು ‘ಅಗ್ಲಿ ಡಕ್ಲಿಂಗ್’ (ಕುರೂಪಿ ಬಾತುಮರಿ) ಹಂತ ಎನ್ನುತ್ತಾರೆ. ಇನ್ನೂ ಮೂಳೆಯೊಳಗೇ ಇರುವ ಕೋರೆಹಲ್ಲು ಪಕ್ಕದ ಹಲ್ಲಿನ ಬೇರನ್ನು ಒತ್ತುವುದರಿಂದ ಹಲ್ಲುಗಳು ಹೊರಕ್ಕೆ ವಾಲುತ್ತವೆ. ಕೋರೆಹಲ್ಲು ಇಳಿದು ಬಂದಾಗ ಅವು ತಾವಾಗಿ ನೆಟ್ಟಗಾಗಿ ಹತ್ತಿರ ಸೇರುತ್ತವೆ. ಶಾಲೆಯ ಸ್ಕೇಲಿನಲ್ಲಿ ಎರಡು ಸಣ್ಣ ಗೆರೆ, ಅಂದರೆ 2 ಮಿ.ಮೀ. ಒಳಗಿನ ಸಂದಿ ಹೀಗೆ ತಾನಾಗಿ ಮುಚ್ಚುವುದು ಸಾಮಾನ್ಯ. ಹತ್ತು ವರ್ಷದ ಹೊತ್ತಿಗೆ ಮೇಲ್ದುಟಿಯ ಒಳಗೆ ಬೆರಳಾಡಿಸಿದರೆ ಕೋರೆಹಲ್ಲಿನ ಉಬ್ಬು ಎರಡೂ ಕಡೆ ಸಿಗಬೇಕು. ಸಿಗದಿದ್ದರೆ, ಅಥವಾ ಸಂದಿ 2 ಮಿ.ಮೀ.ಗಿಂತ ದೊಡ್ಡದಿದ್ದರೆ, ಕಾಯುತ್ತ ಕೂರದೆ ತೋರಿಸಿ.

ಸಂದಿಗೆ ಬೇರೆ ಕಾರಣಗಳೂ ಇವೆ, ಕಾರಣ ತಿಳಿಯದೆ ಎಳೆದರೆ ಕೆಡುತ್ತದೆ. ಮುಂಹಲ್ಲುಗಳ ನಡುವೆ ಮೂಳೆಯಲ್ಲಿ ಹೆಚ್ಚುವರಿ ಹಲ್ಲೊಂದು ಹುದುಗಿರಬಹುದು, ಎಕ್ಸ್‌ರೇ ಇಲ್ಲದೆ ಇದು ಗೊತ್ತಾಗುವುದಿಲ್ಲ. ತುಟಿಯನ್ನು ಒಸಡಿಗೆ ಕಟ್ಟಿದ ಪೊರೆ ದಪ್ಪಗಿದ್ದು ಹಲ್ಲುಗಳ ನಡುವೆ ನುಸುಳಿರಬಹುದು. ತುಟಿ ಎತ್ತಿ ಎಳೆದಾಗ ಹಲ್ಲಿನ ಹಿಂದಿನ ಒಸಡು ಬಿಳಿಚಿಕೊಂಡರೆ ಅದರ ಗುರುತು. ಪಕ್ಕದ ಹಲ್ಲು ಹುಟ್ಟಿನಿಂದಲೇ ಇಲ್ಲದಿರಬಹುದು, ಕಡ್ಡಿಯ ಹಾಗೆ ಸಣ್ಣದಿರಬಹುದು. ನುಂಗುವಾಗ ನಾಲಿಗೆ ಹಲ್ಲನ್ನು ತಳ್ಳುವ ಅಭ್ಯಾಸವಿದ್ದರೂ ಸಂದಿಯಾಗುತ್ತದೆ. ದೊಡ್ಡವರಲ್ಲಿ ಮೊದಲಿಲ್ಲದ ಸಂದಿ ಹೊಸದಾಗಿ ಬಿಟ್ಟರೆ ಅದು ಒಸಡಿನ ರೋಗದ ಲಕ್ಷಣವಾಗಿರಬಹುದು. ಅಂಥ ಹಲ್ಲಿಗೆ ಬ್ಯಾಂಡ್ ಕಟ್ಟುವುದೆಂದರೆ ಅಳಿದುಳಿದ ಮೂಳೆಯನ್ನೂ ಕಳೆದುಕೊಂಡಂತೆ.

‘ಕ್ಲಿನಿಕ್ಕಿನಲ್ಲೂ ರಬ್ಬರನ್ನೇ ಹಾಕುತ್ತಾರಲ್ಲ’ ಎಂದು ಕೇಳುವವರಿದ್ದಾರೆ. ಅಲ್ಲಿ ರಬ್ಬರ್ ಹಲ್ಲನ್ನು ಸುತ್ತುವುದಿಲ್ಲ. ಹಲ್ಲಿನ ಮುಖಕ್ಕೆ ಅಂಟಿಸಿದ ಬ್ರಾಕೆಟ್ಟಿಗೆ, ಅಂದರೆ ನಾವು ಕ್ಲಿಪ್ ಅನ್ನುವುದಕ್ಕೆ, ಅದನ್ನು ಸಿಕ್ಕಿಸುತ್ತಾರೆ. ಬ್ರಾಕೆಟ್ ಇರುವ ಕಾರಣ ಅದು ಒಸಡಿಗೆ ಜಾರುವುದಿಲ್ಲ, ತಂತಿ ಇರುವ ಕಾರಣ ಹಲ್ಲು ವಾಲದೆ ಬೇರಿನ ಸಮೇತ ಸರಿಯುತ್ತದೆ. ವೇಗವೂ ತಿಂಗಳಿಗೆ ಸುಮಾರು 1 ಮಿ.ಮೀ. ಮಾತ್ರ. ಅಲೈನರ್ (ಹಲ್ಲಿಗೆ ತೊಡಿಸುವ ಪಾರದರ್ಶಕ ಟ್ರೇ) ಆದರೆ ಒಂದೊಂದು ಟ್ರೇ ಸರಿಸುವುದು ಸುಮಾರು 0.25 ಮಿ.ಮೀ., ದಿನಕ್ಕೆ 20–22 ಗಂಟೆ ಹಾಕಿರಬೇಕು. ದೊಡ್ಡವರ ಸಣ್ಣ ಸಂದಿಗೆ ಹಲ್ಲು ಸರಿಸದೆ, ಕಾಂಪೋಸಿಟ್ ಎಂಬ ಹಲ್ಲಿನ ಬಣ್ಣದ ಲೇಪ ಹಚ್ಚಿ ಒಂದೇ ಭೇಟಿಯಲ್ಲಿ ಮುಚ್ಚಲೂ ಬರುತ್ತದೆ. ಕ್ಲಿಪ್ಪಿನಿಂದ ಮುಚ್ಚಿದ ಸಂದಿ ಮತ್ತೆ ಬಿಡುವ ಸ್ವಭಾವದ್ದು. ಆದ್ದರಿಂದ ಹಿಂಬದಿಗೆ ಸಣ್ಣ ತಂತಿ ಅಂಟಿಸಿ ವರ್ಷಗಟ್ಟಲೆ ಬಿಡುತ್ತಾರೆ, ಅದನ್ನು ತೆಗೆಸಲು ಅವಸರ ಮಾಡಬೇಡಿ.

ದಂತವೈದ್ಯ ಪದವಿ ಬಿಡಿಎಸ್ ಆದ ಮೇಲೆ ಮೂರು ವರ್ಷ ಹಲ್ಲು ಸರಿಸುವ ಈ ಚಿಕಿತ್ಸೆಯನ್ನೇ ಓದಿ ಸ್ನಾತಕೋತ್ತರ ಪದವಿ ಎಂಡಿಎಸ್ ಮಾಡಿದವರು ಆರ್ಥೊಡಾಂಟಿಸ್ಟ್. ಖರ್ಚಿನ ಚಿಂತೆಯಿದ್ದರೆ ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲೋ ನಿಮ್ಮ ಹತ್ತಿರದ ಯಾವುದಾದರೂ ದಂತ ಕಾಲೇಜಿನ ಈ ವಿಭಾಗದಲ್ಲೋ ವಿಚಾರಿಸಿ.

ಮನೆಯಲ್ಲಿ ಅಕ್ಕನೋ ಅಣ್ಣನೋ ಕ್ಲಿಪ್ ಹಾಕಿಸಿಕೊಂಡಿದ್ದರೆ, ಮೇಲಿನ ಕೊಕ್ಕೆಯಿಂದ ಕೆಳಗಿನ ಕೊಕ್ಕೆಗೆ ಎಳೆದು ಹಾಕಲು ಕೊಟ್ಟ ಪುಟ್ಟ ರಬ್ಬರಿನ ಪೊಟ್ಟಣ ಕನ್ನಡಿಯ ಹತ್ತಿರ ಬಿದ್ದಿರುತ್ತದೆ. ಚಿಕ್ಕವರ ಬಾಯಿಗೆ ಹೋಗುವ ಬ್ಯಾಂಡ್ ಅದೂ ಆಗಬಹುದು. ಅದನ್ನು ಮಕ್ಕಳ ಕೈಗೆಟುಕದ ಕಡೆ ಇಡಿ, ಚಿಕಿತ್ಸೆ ಮುಗಿದ ದಿನ ಉಳಿದದ್ದನ್ನು ಕ್ಲಿನಿಕ್ಕಿಗೇ ವಾಪಸ್ ಕೊಟ್ಟುಬಿಡಿ.