ಫೈಲ್ ಅಪ್‌ಲೋಡ್ ಇರುವ ಜಾವಾ ಸೈಟ್ ಮಾಡಿಸುತ್ತಿದ್ದೀರಾ? ಕೊನೆ ಕಂತು ಕೊಡುವ ಮುಂಚೆ ಇದನ್ನು ಓದಿ

ಒಂದು ವಾರದಿಂದ ಸರಿಯಾಗಿ ನಿದ್ದೆ ಇಲ್ಲ. ಬರೆಯಲೋ ಬೇಡವೋ ಅಂತ ಯೋಚಿಸಿ ಯೋಚಿಸಿ ಕೊನೆಗೆ ಕೂತಿದ್ದೇನೆ. ನಾಚಿಕೆ ಆಗುತ್ತಿದೆ, ಸಿಟ್ಟೂ ಬರುತ್ತಿದೆ. ಆದರೆ ಈಗ ಅಡ್ಮಿಷನ್ ಸಮಯ. ನಮ್ಮ ಹಾಗೇ ಎಷ್ಟೋ ಕಾಲೇಜು, ಹಾಸ್ಟೆಲ್‌ನವರು ಆನ್‌ಲೈನ್ ಅರ್ಜಿಯ ಸೈಟ್ ಮಾಡಿಸುತ್ತಿರುತ್ತಾರೆ. ಅವರಿಗಾದರೂ ಗೊತ್ತಾಗಲಿ.

ದಾವಣಗೆರೆಯಲ್ಲಿ ಒಂದು ಟ್ರಸ್ಟ್ ನಡೆಸುವ ವಿದ್ಯಾರ್ಥಿನಿಲಯದ ಆಫೀಸ್ ನಾನು ನೋಡಿಕೊಳ್ಳುತ್ತೇನೆ. ಹಿಂದೆ ಎರಡು ವರ್ಷ ಜಾವಾದಲ್ಲಿ ಕೆಲಸ ಮಾಡಿದ್ದೆ. ಅದಕ್ಕೇ ಟ್ರಸ್ಟಿನ ಹಿರಿಯರು "ನಿನಗೆ ಗೊತ್ತಲ್ಲ, ನೀನೇ ನೋಡ್ಕೋ" ಅಂತ ಎಲ್ಲ ನನ್ನ ಮೇಲೆ ಬಿಟ್ಟರು. ಬೆಂಗಳೂರಿನ ಒಂದು ಸಣ್ಣ ಕಂಪನಿಗೆ ಕೆಲಸ ಕೊಟ್ಟೆವು. ಎಲ್ಲ ಜಾವಾದಲ್ಲೇ: ಜೆಎಸ್‌ಪಿ (ಒಳಗೆ ಕೋಡ್ ಇರುವ ಪುಟ, ಅದನ್ನು ಸರ್ವರ್ ಓಡಿಸುತ್ತದೆ), ಸರ್ವ್‌ಲೆಟ್ (ಸರ್ವರ್ ಕಡೆ ಓಡುವ ಜಾವಾ ಕೋಡ್), ಇವೆರಡನ್ನೂ ಓಡಿಸುವ ಸಾಫ್ಟ್‌ವೇರ್ ಟಾಮ್‌ಕ್ಯಾಟ್ 9. ಒಟ್ಟು 1,60,000 ರೂಪಾಯಿ. ಹುಡುಗರು ಅರ್ಜಿ ತುಂಬಿ ಫೋಟೋ, ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಾಸ್‌ಬುಕ್‌ನ ಮೊದಲ ಪುಟ ಅಪ್‌ಲೋಡ್ ಮಾಡಬೇಕು. ಇಷ್ಟೇ.

ಡೆಮೊ ದಿನ ನಾನೇ ಪರೀಕ್ಷೆ ಮಾಡಿದೆ. ಬೇಕಂತಲೇ ಒಂದು ಇಎಕ್ಸ್‌ಇ (ಪ್ರೋಗ್ರಾಂ) ಫೈಲ್ ಆರಿಸಿದೆ. ಕೆಂಪು ಅಕ್ಷರದಲ್ಲಿ "ಜೆಪಿಜಿ ಮತ್ತು ಪಿಡಿಎಫ್ ಮಾತ್ರ" ಅಂತ ಬಂತು. ಎಲ್ಲರ ಮುಂದೆ "ಸರಿಯಾಗಿದೆ" ಅಂದೆ. ಆ ಮಾತು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. 1,20,000 ಅವತ್ತೇ ಹೋಯಿತು.

ಸೂಚನೆಗಳು ಮೊದಲೇ ಇದ್ದವು. ಇಬ್ಬರು ಹುಡುಗರು ಒಂದೇ ಹೆಸರಿನ ಫೋಟೋ ಹಾಕಿದ್ದರು, ಒಬ್ಬನ ಐಡಿ ಕಾರ್ಡಿನಲ್ಲಿ ಇನ್ನೊಬ್ಬನ ಮುಖ ಬಂತು. ಅಂದರೆ ಹುಡುಗರು ಕೊಟ್ಟ ಹೆಸರಲ್ಲೇ ಫೈಲ್ ಉಳಿಸುತ್ತಿದ್ದರು, ಮೊದಲಿನದರ ಮೇಲೆ ಎರಡನೆಯದು ಕೂರುತ್ತಿತ್ತು. ಕೇಳಿದ್ದಕ್ಕೆ ಬಂದ ಉತ್ತರ: "ಫೈಲ್ ಹೆಸರು ಬದಲಾಯಿಸಿ ಹಾಕೋಕೆ ಮಕ್ಕಳಿಗೆ ಹೇಳಿ ಸರ್." ಇನ್ನೊಂದು ಸಲ ಹೊಸ ವಾರ್ ಫೈಲ್ (ಇಡೀ ಸೈಟಿನ ಕೋಡ್ ಕಟ್ಟಿಟ್ಟ ಒಂದೇ ಫೈಲ್) ಹಾಕಿದಾಗ ಫೋಟೋಗಳೆಲ್ಲ ಮಾಯವಾದವು. ಅಪ್‌ಲೋಡ್ ಫೋಲ್ಡರ್ ವೆಬ್‌ಆಪ್ಸ್ ಒಳಗೇ, ಅಂದರೆ ಟಾಮ್‌ಕ್ಯಾಟ್ ಸೈಟನ್ನು ಓಡಿಸುವ ಫೋಲ್ಡರ್ ಒಳಗೇ ಇತ್ತು, ಹೊಸ ವಾರ್ ಬಂದ ಕೂಡಲೇ ಟಾಮ್‌ಕ್ಯಾಟ್ ಹಳೆಯ ಫೋಲ್ಡರನ್ನು ತೆಗೆದು ಹಾಕಿತ್ತು. ಬ್ಯಾಕಪ್‌ನಿಂದ ತಂದು ಮತ್ತೆ ಅಲ್ಲೇ ಇಟ್ಟರು. ಮತ್ತೆ ಅಲ್ಲೇ! ನಾನೂ ಸುಮ್ನೆ ನೋಡುತ್ತಾ ಕೂತೆ.

ಆಮೇಲೆ ಒಂದು ಸೋಮವಾರ ಬೆಳಗ್ಗೆ ಸೈಟ್ ತೆರೆಯಲೇ ಇಲ್ಲ. ಹೋಸ್ಟಿಂಗ್‌ನವರಿಂದ ಮೇಲ್ ಬಂದಿತ್ತು, ಸಿಪಿಯು ರಾತ್ರಿಯಿಂದ ಶೇಕಡಾ 100ರಲ್ಲೇ ಇದೆ ಅಂತ. ಸರ್ವರ್ ಒಳಗೆ ಹೋಗಿ ನೋಡಿದರೆ ನಾವು ಯಾರೂ ಹಾಕದ ಒಂದು ಪ್ರೋಗ್ರಾಂ ಓಡುತ್ತಿದೆ. ನಮ್ಮ ಸರ್ವರ್‌ನಲ್ಲಿ ಯಾರೋ ಕ್ರಿಪ್ಟೋ ನಾಣ್ಯ ಗಣಿಗಾರಿಕೆ ನಡೆಸುತ್ತಿದ್ದರು. ಅದೂ ರೂಟ್ (ಸರ್ವರ್‌ನಲ್ಲಿ ಏನು ಬೇಕಾದರೂ ಮಾಡಬಲ್ಲ ಯೂಸರ್) ಹೆಸರಿನಲ್ಲಿ, ಯಾಕೆಂದರೆ ಟಾಮ್‌ಕ್ಯಾಟನ್ನೇ ರೂಟ್ ಆಗಿ ಓಡಿಸಿಟ್ಟಿದ್ದರು.

ಅಪ್‌ಲೋಡ್ ಫೋಲ್ಡರ್ ತೆರೆದೆ. ಸಾಲು ಸಾಲು ಫೋಟೋ, ಅಂಕಪಟ್ಟಿ. 84 ಕೆಬಿ, 120 ಕೆಬಿ, 96 ಕೆಬಿ. ಅವುಗಳ ನಡುವೆ ಒಂದೇ ಒಂದು ಫೈಲ್ 1 ಕೆಬಿ ಕೂಡ ಇಲ್ಲ. ಹೆಸರು ಎಕ್ಸ್1, ಕೊನೆಗೆ ಡಾಟ್ ಜೆಎಸ್‌ಪಿ. ತೆರೆದರೆ ಆರೇಳು ಸಾಲು. ವಿಳಾಸದ ಜೊತೆ ಯಾವ ಆದೇಶ ಕಳಿಸಿದರೂ ಅದನ್ನು ಸರ್ವರ್‌ನಲ್ಲಿ ಓಡಿಸಿ ಉತ್ತರ ಕೊಡುವ ಕೋಡ್. ಲಾಗ್ (ಯಾರು ಯಾವಾಗ ಸೈಟಿಗೆ ಬಂದರು ಅನ್ನುವ ದಾಖಲೆ) ನೋಡಿದೆ. ರಾತ್ರಿ 2:47ಕ್ಕೆ ಅಪ್‌ಲೋಡ್ ವಿಳಾಸಕ್ಕೆ ನೇರವಾಗಿ ಒಂದು ಪೋಸ್ಟ್ (ಫೈಲ್ ಕಳಿಸಿದ್ದು), 2:49ಕ್ಕೆ ಎಕ್ಸ್1ಕ್ಕೆ ಒಂದು ಗೆಟ್ (ಅದನ್ನು ತೆರೆದದ್ದು). ಅದಕ್ಕೂ ಮುಂಚೆ ಅರ್ಜಿಯ ಪುಟವನ್ನೇ ಅವರು ತೆರೆದಿಲ್ಲ. ಪುಟ ತೆರೆಯದಿದ್ದರೆ ಕೆಂಪು ಅಕ್ಷರ ಎಲ್ಲಿಂದ ಬರಬೇಕು?

ಆಗ ಸರ್ವ್‌ಲೆಟ್ ಕೋಡ್ ತೆರೆದೆ. ಫೈಲ್ ಯಾವ ಬಗೆಯದು ಅಂತ ನೋಡುವ ಒಂದು ಸಾಲೂ ಇರಲಿಲ್ಲ. ಒಂದೂ ಇಲ್ಲ. ತಪಾಸಣೆ ಎಲ್ಲ ಬ್ರೌಸರ್‌ನ ಜಾವಾಸ್ಕ್ರಿಪ್ಟ್‌ನಲ್ಲಿ. ಇನ್‌ಪುಟ್ ಟ್ಯಾಗ್‌ನಲ್ಲಿ ಒಂದು ಆಕ್ಸೆಪ್ಟ್ ಹಾಕಿದ್ದರು, ಅದು ಫೈಲ್ ಆರಿಸುವ ಕಿಟಕಿಯಲ್ಲಿ ಯಾವುದು ಕಾಣಬೇಕು ಅಂತ ಹೇಳುತ್ತದೆ ಅಷ್ಟೇ. ಬಾಗಿಲಿಗೆ ಬೀಗದ ಚಿತ್ರ ಅಂಟಿಸಿ ದುಡ್ಡು ತಗೊಂಡಿದ್ದರು.

ಫೋನ್ ಮಾಡಿದೆ. "ಸರ್, ವ್ಯಾಲಿಡೇಷನ್ ಹಾಕಿದ್ದೀವಲ್ಲ, ಡೆಮೊದಲ್ಲಿ ನೀವೇ ನೋಡಿ ಓಕೆ ಅಂದ್ರಿ."

ಸರ್ವರ್ ಕಡೆ ಯಾಕಿಲ್ಲ ಅಂದೆ. "ರಿಕ್ವೈರ್‌ಮೆಂಟ್‌ನಲ್ಲಿ ಸರ್ವರ್ ಸೈಡ್ ಅಂತ ಬರೆದಿರಲಿಲ್ಲ ಸರ್. ಇದು ಚೇಂಜ್ ರಿಕ್ವೆಸ್ಟ್ ಆಗುತ್ತೆ. 18,000, ಜಿಎಸ್‌ಟಿ ಬೇರೆ."

ಇನ್ನೊಂದು ಮಾತು ಹೇಳಿದರು, ಅದನ್ನು ಮರೆಯಲು ಆಗುತ್ತಿಲ್ಲ. "ಯಾರಿಗೂ ಹೇಳೋಕೆ ಹೋಗಬೇಡಿ ಸರ್, ಸುಮ್ನೆ ನಿಮ್ಮ ಸಂಸ್ಥೆ ಹೆಸರೇ ಕೆಡುತ್ತೆ." ಸರ್ವರ್‌ಗೆ ಯಾರಾದರೂ ನುಗ್ಗಿದ್ದು ಗೊತ್ತಾದರೆ 6 ಗಂಟೆಯೊಳಗೆ ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಂಡಿರಬೇಕು ಅಂತ 2022ರ ಏಪ್ರಿಲ್‌ನಲ್ಲೇ ನಿರ್ದೇಶನ ಬಂದಿದೆ. ಇವರ ಮಾತು ಕೇಳಿ ನಾವು ತಿಳಿಸಿದ್ದು ಮಾರನೇ ದಿನ. ಲಾಗ್ ಇದ್ದದ್ದು ಬರೀ ಏಳು ದಿನದ್ದು. ಅದಕ್ಕೂ ಮುಂಚೆ ಯಾರು ಬಂದು ಹೋಗಿದ್ದಾರೋ ಯಾರಿಗೆ ಗೊತ್ತು?

ಅಡ್ಮಿಷನ್ ನಿಲ್ಲಿಸುವ ಹಾಗಿರಲಿಲ್ಲ. ಹೊಸ ಸರ್ವರ್ ತಗೊಂಡು 18,000 ಕೊಟ್ಟೆವು. ಹೌದು, ಅವರಿಗೇ ಕೊಟ್ಟೆವು. ಎರಡು ದಿನ ಬಿಟ್ಟು ಮೆಸೇಜ್ ಬಂತು: "ಸರ್ವರ್ ಸೈಡ್ ಸೆಕ್ಯುರಿಟಿ ಡನ್ ಸರ್. ಈಗ ಯಾರೂ ಏನೂ ಮಾಡೋಕೆ ಆಗಲ್ಲ."

ಈ ಸಲ ನಂಬಲು ಮನಸ್ಸಾಗಲಿಲ್ಲ. ಅಕ್ಕನ ಮಗಳು ಕೊನೇ ವರ್ಷದ ಇಂಜಿನಿಯರಿಂಗ್. ಭಾನುವಾರ ಮನೆಗೆ ಕರೆದು, ಸೈಟಿನ ಒಂದು ಪ್ರತಿಯನ್ನು ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡಿಸಿ ಮುಂದಿಟ್ಟೆ. ಅವಳು ಕೋಡ್ ಕೂಡ ಕೇಳಲಿಲ್ಲ. ಒಂದು ಫೈಲ್ ಮಾಡಿ ಅದರಲ್ಲಿ ಏಳನ್ನು ಏಳರಿಂದ ಗುಣಿಸು ಅಂತ ಒಂದೇ ಸಾಲು ಜೆಎಸ್‌ಪಿ ಬರೆದಳು. ಬ್ರೌಸರ್ ಇಲ್ಲದೆ ಸರ್ವರ್‌ಗೆ ಫೈಲ್ ಕಳಿಸುವ ಕರ್ಲ್ ಅನ್ನುವ ಟೂಲ್‌ನಿಂದ ಸೀದಾ ಕಳಿಸಿದಳು, ಸರ್ವರ್ ಬೇಡ ಅಂತು. ನನಗೆ ಸ್ವಲ್ಪ ಜೀವ ಬಂತು. ಅವಳು ಕರ್ಲ್ ಆದೇಶದ ಬಾಲಕ್ಕೆ "ಟೈಪ್ ಈಕ್ವಲ್ಸ್ ಇಮೇಜ್ ಸ್ಲ್ಯಾಶ್ ಜೆಪೆಗ್" ಅಂತ, ಅಂದರೆ ಇದು ಜೆಪಿಜಿ ಚಿತ್ರ ಅಂತ, ಸೇರಿಸಿ ಮತ್ತೆ ಎಂಟರ್ ಒತ್ತಿದಳು. "ಅಪ್‌ಲೋಡ್ ಯಶಸ್ವಿ." ಬ್ರೌಸರ್‌ನಲ್ಲಿ ಆ ಫೈಲಿನ ವಿಳಾಸ ಹಾಕಿದಳು. ಬಿಳಿ ಪುಟ. ಎಡಗಡೆ ಮೂಲೆಯಲ್ಲಿ 49.

"ಮಾಮ, ಇದು ಗುಣಾಕಾರ ಅಲ್ಲ, ನಿಮ್ಮ ಸರ್ವರ್ ನನ್ನ ಮಾತು ಕೇಳ್ತಿದೆ" ಅಂದಳು.

ಐದು ನಿಮಿಷ ಆಗಿರಲಿಲ್ಲ. ಆ 49 ನೋಡುತ್ತಾ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಮೊದಲನೇ ಸಲ ಗೊತ್ತಿಲ್ಲದೆ ಮೋಸ ಹೋದೆ. ಎರಡನೇ ಸಲ ದುಡ್ಡು ಕೊಟ್ಟು ಮೋಸ ಹೋದೆ.

ಅವರು ಹಾಕಿದ್ದು ಒಂದೇ ಸಾಲು. ಪಾರ್ಟ್‌ನ (ಅಪ್‌ಲೋಡ್ ಆಗಿ ಬಂದ ಫೈಲಿನ) ಗೆಟ್‌ಕಂಟೆಂಟ್‌ಟೈಪ್ ಕರೆದು, ಅಂದರೆ ಫೈಲಿನ ಜೊತೆ ಬರೆದು ಬಂದ ಬಗೆಯನ್ನು ಕೇಳಿ, ಅದು ಇಮೇಜ್ ಅಥವಾ ಪಿಡಿಎಫ್ ಅಂದರೆ ಒಳಗೆ ಬಿಡು ಅಂತ. ಆ ಕಂಟೆಂಟ್ ಟೈಪ್ ಎಲ್ಲಿಂದ ಬರುತ್ತದೆ? ಕಳಿಸುವವನೇ ಬರೆದು ಕಳಿಸುತ್ತಾನೆ! ಕಳ್ಳನನ್ನೇ "ನೀನು ಕಳ್ಳನಾ" ಅಂತ ಕೇಳಿ ಒಳಗೆ ಬಿಟ್ಟ ಹಾಗೆ. ಫೈಲ್ ಹೆಸರೂ ಅಷ್ಟೇ, ಅದೂ ಕಳಿಸುವವನದ್ದು. ಹೆಸರಿನಲ್ಲಿ ಜೆಪಿಜಿ ಅಂತ ಎಲ್ಲಾದರೂ ಇದೆಯಾ ಅಂತ ಹುಡುಕುವವರೂ ಇದ್ದಾರಂತೆ. ಫೋಟೋ ಡಾಟ್ ಜೆಪಿಜಿ ಡಾಟ್ ಜೆಎಸ್‌ಪಿ ಅಂತ ಇಟ್ಟರೆ ಅದೂ ಪಾಸ್. ಜೆಎಸ್‌ಪಿ ಬೇಡ ಅಂತ ಪಟ್ಟಿ ಮಾಡಿದರೆ ಜೆಎಸ್‌ಪಿಎಕ್ಸ್ ಬರುತ್ತದೆ, ಟಾಮ್‌ಕ್ಯಾಟ್ ಅದನ್ನೂ ಓಡಿಸುತ್ತದೆ. ಬೇಡದ್ದರ ಪಟ್ಟಿ ಯಾವತ್ತೂ ಮುಗಿಯಲ್ಲ. ಬೇಕಾದ್ದನ್ನು ಮಾತ್ರ ಬರೆಯಬೇಕು, ಅದನ್ನೂ ಹೆಸರಿನ ಕಟ್ಟಕಡೆಯ ಭಾಗಕ್ಕೆ, ಸಣ್ಣ ಅಕ್ಷರಕ್ಕೆ ತಿರುಗಿಸಿ ಹೋಲಿಸಬೇಕು.

ಈಗ ನಾವೇ ಮಾಡಿಕೊಂಡಿದ್ದು ಹೇಳುತ್ತೇನೆ, ಇವರ ಹತ್ತಿರ ಮಾಡಿಸಿದ್ದಲ್ಲ. ಫೈಲಿನ ಒಳಗಿನ ಮೊದಲ ಬೈಟ್‌ಗಳನ್ನೇ ಓದುವುದು. ಜೆಪಿಜಿ ಆದರೆ ಎಫ್‌ಎಫ್, ಡಿ8, ಎಫ್‌ಎಫ್ ಅಂತ ಶುರುವಾಗುತ್ತದೆ, ಪಿಡಿಎಫ್ ಮೊದಲಲ್ಲೇ ಪರ್ಸೆಂಟ್ ಗುರುತು ಮತ್ತು ಪಿಡಿಎಫ್ ಅಂತ ಇರುತ್ತದೆ. ಇದಕ್ಕೆ ಅಪಾಚಿ ಟೀಕಾ ಅಂತ ಲೈಬ್ರರಿ ಇದೆ, ಉಚಿತ. ಆದರೆ ಇದೊಂದನ್ನೇ ನಂಬಿ ಕೂರಬೇಡಿ. ಚಿತ್ರದ ಮೊದಲ ಬೈಟ್‌ಗಳನ್ನು ಇಟ್ಟು ಅದರ ಹಿಂದೆ ಜೆಎಸ್‌ಪಿ ಕೋಡ್ ಅಂಟಿಸಬಹುದು. ಹೆಸರು ಜೆಎಸ್‌ಪಿ ಅಂತ ಮುಗಿದರೆ ಟಾಮ್‌ಕ್ಯಾಟ್ ಅದನ್ನೂ ಓಡಿಸುತ್ತದೆ. ಅದಕ್ಕೇ ಹುಡುಗರು ಕೊಟ್ಟ ಹೆಸರು ಬಿಸಾಕಿ ನಾವೇ ಯುಯುಐಡಿ (ಯಂತ್ರವೇ ಹುಟ್ಟಿಸುವ, ಒಂದರ ಹಾಗೆ ಇನ್ನೊಂದು ಇರದ ಉದ್ದನೆಯ ಸಂಕೇತ) ಹೆಸರು ಇಡುತ್ತೇವೆ, ಕೊನೆಯ ಭಾಗವೂ ನಮ್ಮದೇ. ಫೋಲ್ಡರ್ ವೆಬ್‌ಆಪ್ಸ್ ಹೊರಗೆ. ಲಾಗಿನ್ ಆದ ಸಿಬ್ಬಂದಿಗೆ ಮಾತ್ರ ಸರ್ವ್‌ಲೆಟ್ ಮೂಲಕ ಫೈಲ್ ಸಿಗುತ್ತದೆ. ಫೋಟೋದ ಹಿಂದೆ ಏನಾದರೂ ಅಂಟಿಸಿದ್ದರೆ ಹೋಗಲಿ ಅಂತ ಅದನ್ನು ಜಾವಾದ ಇಮೇಜ್‌ಐಒದಿಂದ ಓದಿ ಹೊಸದಾಗಿ ಬರೆದು ಇಡುತ್ತೇವೆ. ಟಾಮ್‌ಕ್ಯಾಟ್‌ಗೆ ರೂಟ್ ಬಿಟ್ಟು ಬೇರೆ ಯೂಸರ್. ಇಷ್ಟಕ್ಕೆ ನನಗೂ ಅಕ್ಕನ ಮಗಳಿಗೂ ಹಿಡಿದದ್ದು ಮೂರು ದಿನ. ಮೂರೇ ದಿನ!

ನೀವು ಸೈಟ್ ಮಾಡಿಸುತ್ತಿದ್ದರೆ ಇಷ್ಟು ಮಾಡಿ. ಪರದೆಯಲ್ಲಿ ಕೆಂಪು ಅಕ್ಷರ ತೋರಿಸಿದರೆ ತಲೆ ಆಡಿಸಬೇಡಿ. ಬ್ರೌಸರ್ ಬಿಟ್ಟು ಕರ್ಲ್‌ನಿಂದ, ಟೈಪ್ ಸುಳ್ಳು ಹೇಳಿ, ಒಂದು ಜೆಎಸ್‌ಪಿ ಕಳಿಸಿ ನಿಮ್ಮ ಎದುರೇ ತೋರಿಸಲು ಹೇಳಿ. ಸರ್ವರ್ ಬೇಡ ಅನ್ನಬೇಕು. ಒಪ್ಪಂದದಲ್ಲಿ "ಸರ್ವರ್ ಕಡೆ ತಪಾಸಣೆ" ಅಂತ ಬರೆಸಿ, ಇಲ್ಲದಿದ್ದರೆ ನಾಳೆ ಅದೇ ಚೇಂಜ್ ರಿಕ್ವೆಸ್ಟ್ ಆಗುತ್ತದೆ.

ನನಗೆ ಜಾಸ್ತಿ ಸಂಕಟ ದುಡ್ಡಿನದಲ್ಲ. ಅರ್ಜಿ ಹಾಕಿದ 312 ಮನೆಗಳಿಗೆ ನಾನೇ ಕೂತು ಫೋನ್ ಮಾಡುತ್ತಿದ್ದೇನೆ, ನಿಮ್ಮ ಮಗುವಿನ ದಾಖಲೆ ಹೊರಗಿನವರ ಕೈಗೆ ಸಿಕ್ಕಿರಬಹುದು ಅಂತ. ಜಗಳೂರು ಕಡೆಯ ಒಬ್ಬರು ಕೇಳಿದರು, "ಪಾಸ್‌ಬುಕ್ ಹಾಕಿದ್ವಲ್ಲ ಸರ್, ಸ್ಕಾಲರ್‌ಶಿಪ್ ದುಡ್ಡು ಅದಕ್ಕೇ ಬರೋದು. ಏನೂ ಆಗಲ್ಲ ಅಲ್ವಾ?" ಯಾರಾದರೂ ಫೋನ್ ಮಾಡಿ ಒಟಿಪಿ ಕೇಳಿದರೆ ಕೊಡಬೇಡಿ, ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಂದೆ. ಏನೂ ಆಗಲ್ಲ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ಇವತ್ತಿಗೆ 190 ಮನೆ ಮುಗಿದಿದೆ. ಕಂಪನಿಯವರು ಉಳಿದ 40,000ಕ್ಕೆ ನಿನ್ನೆ ಮತ್ತೆ ಮೆಸೇಜ್ ಹಾಕಿದ್ದಾರೆ. 49 ಬಂದ ಆ ಪರದೆಯ ಫೋಟೋ ಕಳಿಸಿದ್ದೇನೆ. ನೋಡಿದ್ದಾರೆ, ಇನ್ನೂ ಉತ್ತರ ಬಂದಿಲ್ಲ.