16 ಬೈಟ್ ಎತ್ತಲು ನಾಲ್ಕು ದಾರಿ: ನಾನೇ ಬರೆದು ನೋಡಿದ ಹೋಲಿಕೆ

ಕನ್ನಡದ ಒಂದು ಫೈಲಿನಲ್ಲಿ ಎಷ್ಟು ಕೋಡ್ ಪಾಯಿಂಟ್ (ಯೂನಿಕೋಡ್ ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಕೊಡುವ ಸಂಖ್ಯೆ) ಇವೆ ಅಂತ ಬೇಗ ಎಣಿಸಬೇಕು. ಪಠ್ಯವನ್ನು ಬೈಟಾಗಿ ಬರೆದಿಡುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟ್‌ಗೆ 3 ಬೈಟ್ ಬೇಕು. ಹಲವು ಬೈಟಿನ ಮೇಲೆ ಒಟ್ಟಿಗೆ ಕೆಲಸ ಮಾಡುವ ಎಸ್‌ಎಸ್‌ಇ2 ಎಂಬ ಪ್ರೊಸೆಸರ್ ಸೌಲಭ್ಯದ ರಿಜಿಸ್ಟರ್ ಹಿಡಿಯುವುದು 16 ಬೈಟ್. ಹಾಗಾಗಿ ಕನ್ನಡದ ಫೈಲನ್ನು 16-16 ಬೈಟಾಗಿ ಎತ್ತಿಕೊಂಡು ಹೋದರೆ ಅಂಚಿನಲ್ಲಿ ಅಕ್ಷರ ತುಂಡಾಗುತ್ತಲೇ ಇರುತ್ತದೆ. ಎಣಿಸುವುದಕ್ಕೆ ಇದು ತೊಂದರೆಯಲ್ಲ, ಪ್ರತಿ ಕೋಡ್ ಪಾಯಿಂಟಿನ ಮೊದಲ ಬೈಟನ್ನಷ್ಟೇ ಎಣಿಸಿದರೆ ಸಾಕು. ಬೈಟನ್ನು ಸೈನ್ ಇರುವ ಸಂಖ್ಯೆಯಾಗಿ ನೋಡಿದರೆ, ಮೊದಲನೆಯದರ ನಂತರ ಬರುವ ಮುಂದುವರಿಕೆಯ ಬೈಟ್‌ಗಳೆಲ್ಲ -128ರಿಂದ -65ರೊಳಗೆ ಬರುತ್ತವೆ. -65ಕ್ಕಿಂತ ದೊಡ್ಡವು ಎಷ್ಟು ಅಂತ ಕೇಳಿದರೆ 16 ಬೈಟಿಗೂ ಒಂದೇ ಏಟಿಗೆ ಉತ್ತರ ಸಿಗುತ್ತದೆ.

ಲೆಕ್ಕ ಇಷ್ಟು ಸುಲಭ. ಅಪಾಯ ಇರುವುದು ಆ 16 ಬೈಟನ್ನು ಮೆಮೊರಿಯಿಂದ ತರುವ ಜಾಗದಲ್ಲಿ. ಬನಶಂಕರಿಯ ಮನೆಯಲ್ಲಿ ಮೂರು ಶನಿವಾರ ಕೂತು ಇದೇ ಎಣಿಕೆಯನ್ನು ನಾಲ್ಕು ಥರ ಬರೆದೆ.

ಮೊದಲು ಸಿ ಭಾಷೆ. ಇದರ ಹಿಂದೆ ಒಂದು ಹಳೆಯ ನೋವಿದೆ. ಔಟರ್ ರಿಂಗ್ ರೋಡಿನ ಒಂದು ಆಫೀಸಿನಲ್ಲಿದ್ದಾಗ, ಫೈಲನ್ನು ಎಂಮ್ಯಾಪ್ ಮಾಡಿ (ಮೆಮೊರಿಯೇ ಎಂಬಂತೆ ಜೋಡಿಸಿಕೊಂಡು), ಪಾಯಿಂಟರನ್ನು, ಅಂದರೆ ಮೆಮೊರಿಯ ವಿಳಾಸವನ್ನು, 16 ಬೈಟಿನ ವೆಕ್ಟರ್ ಟೈಪಿಗೆ ಕಾಸ್ಟ್ ಮಾಡಿ (ಆ ಟೈಪಿನದೇ ಅಂತ ಕಂಪೈಲರ್‌ಗೆ ಹೇಳಿ) ಓದುತ್ತಿದ್ದೆವು. ಎಂಮ್ಯಾಪ್ ಕೊಡುವ ವಿಳಾಸ ಪೇಜಿನ (ಮೆಮೊರಿಯನ್ನು ಹಂಚುವ ತುಂಡಿನ) ಅಂಚಿಗೇ ಇರುತ್ತದೆ, ಆದ್ದರಿಂದ 16ರ ಅಲೈನ್‌ಮೆಂಟ್ (ವಿಳಾಸ 16ರಿಂದ ಭಾಗವಾಗುವುದು) ತಾನಾಗಿಯೇ ಸಿಗುತ್ತಿತ್ತು. ಒಂದು ದಿನ ಬಿಒಎಂ (ಫೈಲಿನ ಶುರುವಿನಲ್ಲಿ ಇಡುವ ಗುರುತು) ಇರುವ ಫೈಲ್ ಬಂತು. ಬಿಒಎಂನ 3 ಬೈಟ್ ದಾಟಿ ಓದಲು ಶುರುಮಾಡಿದ ಕೂಡಲೇ ಪ್ರೋಗ್ರಾಂ ಬಿತ್ತು. ಕಾಸ್ಟ್ ಮಾಡಿದರೆ ಕಂಪೈಲರ್ ಅಲೈನ್‌ಮೆಂಟ್ ಇದೆ ಅಂತಲೇ ನಂಬುತ್ತದೆ. ಇಲ್ಲದಿದ್ದರೆ ಪ್ರೊಸೆಸರ್ ಓದುವುದಿಲ್ಲ.

ಕಾಸ್ಟ್ ಬದಲು ಬೈಟ್‌ಗಳನ್ನು ನಕಲು ಮಾಡುವ ಮೆಮ್‌ಕಾಪಿ ಹಾಕಿದೆವು. 16 ಬೈಟಿನ ಮೆಮ್‌ಕಾಪಿಯನ್ನು ಕಂಪೈಲರ್ ಒಂದೇ ಅನ್‌ಅಲೈನ್ಡ್ ಲೋಡ್ (ಯಾವ ವಿಳಾಸದಿಂದಲೂ ಓದುವ ಆದೇಶ) ಮಾಡಿಬಿಡುತ್ತದೆ, ಖರ್ಚೇನಿಲ್ಲ. ಅಲೈನ್‌ಮೆಂಟ್ ಚಿಂತೆ ಹೋಯಿತು. ಆದರೆ ಕೊನೆಯಲ್ಲಿ ಎಷ್ಟು ಬೈಟ್ ಉಳಿದಿದೆ ಎನ್ನುವುದು ಮೆಮ್‌ಕಾಪಿಗೆ ಗೊತ್ತಿಲ್ಲ. ನಾವು ಕೊನೆಗೂ ಪೂರ್ತಿ 16 ಓದಿ, ಜಾಸ್ತಿ ಬಂದದ್ದನ್ನು ಮಾಸ್ಕ್ ಹಾಕಿ ಬಿಡುತ್ತಿದ್ದೆವು. ಉತ್ತರ ಸರಿಯಾಗೇ ಬರುತ್ತಿತ್ತು. ತಂಡದ ಕಿರಿಯ ಹುಡುಗ ಕೇಳಿದ: "ಮೇಡಂ, ಟೆಸ್ಟ್ ಎಲ್ಲಾ ಪಾಸ್ ಆಗ್ತಿದೆಯಲ್ವಾ?"

"ಆಗ್ತಿದೆ ಕಣೋ. ಆದ್ರೆ ಫೈಲ್ ಪೇಜಿನ ತುದಿಗೇ ಮುಗಿದ್ರೆ ಏನಾಗತ್ತೆ ನೋಡು."

ನೋಡಿದ. ಸರಿಯಾಗಿ ಪೇಜಿನ ತುದಿಗೆ ಮುಗಿಯುವ 8192 ಬೈಟಿನ, ಬಿಒಎಂ ಇರುವ ಒಂದು ಫೈಲ್ ಮಾಡಿದ. ಕೊನೆಯ ಲೋಡ್ 3 ಬೈಟ್ ಆಚೆ ಹೋಯಿತು. ಅಲ್ಲಿ ಪೇಜೇ ಇಲ್ಲ. ಸೆಗ್‌ಫಾಲ್ಟ್, ಪ್ರೋಗ್ರಾಂ ಮತ್ತೆ ಬಿತ್ತು. ಮೆಮೊರಿಯ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಅದುವರೆಗೆ ಒಂದು ಮಾತೂ ಹೇಳಿರಲಿಲ್ಲ. ಅದು ಮ್ಯಾಲಕ್ ಮೂಲಕ ಕೇಳಿ ಪಡೆದ ಜಾಗದ ಸುತ್ತ ಬೇಲಿ ಹಾಕುತ್ತದೆ, ಎಂಮ್ಯಾಪ್ ಸುತ್ತ ಹಾಕುವುದಿಲ್ಲ.

ಎರಡನೆಯದು ರಸ್ಟ್ ಭಾಷೆ, ಕಚ್ಚಾ ಪಾಯಿಂಟರ್ ಜೊತೆ. ರಸ್ಟ್ 1.87ರಿಂದ ಹೋಲಿಕೆ, ಕೂಡಿಕೆಯಂಥ ಇಂಟ್ರಿನ್ಸಿಕ್‌ಗಳನ್ನು (ನೇರ ಪ್ರೊಸೆಸರ್ ಆದೇಶವಾಗುವ ಫಂಕ್ಷನ್‌ಗಳನ್ನು) ಅನ್‌ಸೇಫ್ (ಸುರಕ್ಷತೆಯ ಹೊಣೆ ಬರೆದವರದೇ ಎಂಬ ಗುರುತು) ಇಲ್ಲದೆ ಕರೆಯಬಹುದು, ಆ ಪ್ರೊಸೆಸರ್ ಸೌಲಭ್ಯ ಆನ್ ಆಗಿದ್ದರೆ ಸಾಕು. 64 ಬಿಟ್ ಎಕ್ಸ್86ನಲ್ಲಿ ಎಸ್‌ಎಸ್‌ಇ2 ಯಾವಾಗಲೂ ಇರುತ್ತದೆ. ಲೋಡ್ ಮತ್ತು ಸ್ಟೋರ್ ಮಾತ್ರ ಈಗಲೂ ಅನ್‌ಸೇಫ್, ಯಾಕೆಂದರೆ ಅವು ಪಾಯಿಂಟರ್ ತೆಗೆದುಕೊಳ್ಳುತ್ತವೆ. ಭಾಷೆಯೇ ಅಪಾಯದ ಜಾಗವನ್ನು ಬೆರಳಿಟ್ಟು ತೋರಿಸಿದಂತಾಯಿತು, ಇದು ನನಗೆ ತುಂಬಾ ಹಿಡಿಸಿತು. ಆದರೂ ಉದ್ದದ ಲೆಕ್ಕ ಇಡಬೇಕಾದವರು ನಾವೇ. ಬೇಕೆಂದೇ ಹಳೆಯ ತಪ್ಪನ್ನು ಮತ್ತೆ ಬರೆದೆ, ಕಂಪೈಲರ್ ಒಪ್ಪಿಕೊಂಡಿತು. ಇಂಥ ತಪ್ಪನ್ನು ಓಡಿಸುತ್ತಲೇ ಹಿಡಿಯುವ ಮಿರಿ ಎಂಬ ಸಾಧನದಲ್ಲಿ ಓಡಿಸಿದಾಗಷ್ಟೇ ಸಿಕ್ಕಿಬಿತ್ತು.

ಮೂರನೆಯದು ರಸ್ಟ್‌ನ ಪೋರ್ಟಬಲ್ ಸಿಮ್ಡ್, ಬೇರೆ ಬೇರೆ ಪ್ರೊಸೆಸರ್‌ಗೆ ಒಂದೇ ವೆಕ್ಟರ್ ಕೋಡ್ ಬರೆಯುವ ದಾರಿ. ಬರೆಯಲು ಎಲ್ಲಕ್ಕಿಂತ ಚೆಂದ. ಸ್ಲೈಸ್ (ತನ್ನ ಉದ್ದವನ್ನೂ ಜೊತೆಗಿಟ್ಟುಕೊಂಡ ಬೈಟ್ ಸಾಲು) ಕೊಟ್ಟರೆ ವೆಕ್ಟರ್ ಕೊಡುತ್ತದೆ. ಸ್ಲೈಸ್ ಚಿಕ್ಕದಿದ್ದರೆ ಪ್ಯಾನಿಕ್ ಆಗಿ ನಿಲ್ಲುತ್ತದೆ, ಆಚೆಯ ಮೆಮೊರಿಗೆ ಕೈ ಹಾಕುವುದಿಲ್ಲ. ಕೊನೆಯ ತುಂಡಿಗೆ ‘ಲೋಡ್ ಆರ್ ಡಿಫಾಲ್ಟ್’ ಇದೆ, ಖಾಲಿ ಜಾಗಕ್ಕೆ ಸೊನ್ನೆ ತುಂಬುತ್ತದೆ. ಇಲ್ಲಿ ಹುಷಾರಾಗಿರಿ: ಸೊನ್ನೆ -65ಕ್ಕಿಂತ ದೊಡ್ಡದು, ಅಂದರೆ ನನ್ನ ಎಣಿಕೆಯಲ್ಲಿ ಅದೂ ಒಂದು ಅಕ್ಷರ! 5 ಬೈಟ್ ಉಳಿದ ಫೈಲಿನಲ್ಲಿ ಉತ್ತರಕ್ಕೆ 11 ಜಾಸ್ತಿ ಸೇರಿಕೊಂಡಿತು. ‘ಲೋಡ್ ಆರ್’ ಬಳಸಿ -128 ತುಂಬಿದ ಮೇಲೆ ಸರಿಹೋಯಿತು. ಮೆಮೊರಿ ಸುರಕ್ಷಿತ ಅಂದಮಾತ್ರಕ್ಕೆ ಉತ್ತರ ಸರಿ ಅಂತಲ್ಲ. ಇನ್ನೊಂದು ತೊಡಕು, ಇದಕ್ಕೆ ನೈಟ್ಲಿ, ಅಂದರೆ ಇನ್ನೂ ಪ್ರಯೋಗದಲ್ಲಿರುವ ಕಂಪೈಲರ್ ಬೇಕು. ಆಫೀಸಿನ ಕೋಡಿಗೆ ನಾನು ನೈಟ್ಲಿ ತರುವುದಿಲ್ಲ.

ನಾಲ್ಕನೆಯದು ನನ್ನ ಆಯ್ಕೆ. ‘ಸೇಫ್ ಅನ್‌ಅಲೈನ್ಡ್ ಸಿಮ್ಡ್’ ಎಂಬ ಕ್ರೇಟ್ (ರಸ್ಟ್ ಲೈಬ್ರರಿ). ಲೋಡ್ ಫಂಕ್ಷನ್‌ಗಳಿಗೆ ಅದೇ ಹೆಸರುಗಳು, ಆದರೆ ಪಾಯಿಂಟರ್ ಬದಲು 16 ಬೈಟಿನ ಅರೇಗೆ ರೆಫರೆನ್ಸ್ ಕೇಳುತ್ತವೆ. ಉದ್ದ ಟೈಪಿನಲ್ಲೇ ಬಂತು. 13 ಬೈಟ್ ಉಳಿದಿದ್ದರೆ ಅಂಥ ಅರೇಯನ್ನು ಕೊಡುವುದಕ್ಕೇ ಆಗುವುದಿಲ್ಲ. ಜೊತೆಗೆ ರಸ್ಟ್ 1.88ರಲ್ಲಿ ಬಂದ ‘ಆ್ಯಸ್ ಚಂಕ್ಸ್’ ಇದೆ. ಅದು ಸ್ಲೈಸನ್ನು ಪೂರ್ತಿ 16ರ ಅರೇಗಳು ಒಂದು ಕಡೆ, ಉಳಿಕೆ ಇನ್ನೊಂದು ಕಡೆ ಅಂತ ಬಿಡಿಸಿ ಕೊಡುತ್ತದೆ. ಉಳಿಕೆ ಕಣ್ಣೆದುರಿಗೇ ಇರುತ್ತದೆ, ಸುಮ್ನೆ ಮರೆಯಲು ಬಿಡುವುದಿಲ್ಲ. ಅದನ್ನು ಒಂದೊಂದೇ ಬೈಟಾಗಿ ಎಣಿಸಿದೆ.

ವೇಗ? ಅಸೆಂಬ್ಲಿ ತೆಗೆದು ನೋಡಿದೆ. ಮೆಮ್‌ಕಾಪಿಯ ಸಿ ಕೋಡಿನಲ್ಲಿದ್ದ ಅದೇ ಅನ್‌ಅಲೈನ್ಡ್ ಲೋಡ್ ಇಲ್ಲೂ ಇತ್ತು. ಇಂಟೆಲ್‌ನ 2008ರ ನೆಹಾಲೆಮ್ ಪ್ರೊಸೆಸರ್‌ನಿಂದ ಈಚೆಗೆ, ಅಲೈನ್ ಆದ ವಿಳಾಸದಲ್ಲಿ ಈ ಲೋಡ್‌ಗೆ ಹೆಚ್ಚಿನ ಸಮಯ ಹಿಡಿಯುವುದಿಲ್ಲ.

ಒಂದೇ ಕೋಡ್ ಆರ್ಮ್ ಲ್ಯಾಪ್‌ಟಾಪಿನಲ್ಲೂ ಓಡಬೇಕು, ನೈಟ್ಲಿ ಪರವಾಗಿಲ್ಲ ಅನ್ನುವವರಿಗೆ ಮೂರನೆಯದೇ ಒಳ್ಳೆಯದು. 32 ಬೈಟಿನ ರಿಜಿಸ್ಟರ್ ಇರುವ ಎವಿಎಕ್ಸ್2ಗೆ ಹೋದರೆ ನಾಲ್ಕನೆಯದರಲ್ಲೂ ಒಂದು ಅನ್‌ಸೇಫ್ ಉಳಿಯುತ್ತದೆ: ಪ್ರೊಸೆಸರ್‌ನಲ್ಲಿ ಆ ಸೌಲಭ್ಯ ಇದೆಯಾ ಅಂತ ನೋಡಿ, ಆಮೇಲೆ ಫಂಕ್ಷನ್ ಕರೆಯುವ ಜಾಗದಲ್ಲಿ. ಅಷ್ಟು ನನಗೆ ಒಪ್ಪಿಗೆ.

ಆ ಹುಡುಗ ಮಾಡಿದಂಥದ್ದೇ 8192 ಬೈಟಿನ ಫೈಲನ್ನು ನನ್ನ ಟೆಸ್ಟ್‌ಗಳಿಗೂ ಸೇರಿಸಿದ್ದೇನೆ. ಬಿಒಎಂ ಬಿಟ್ಟರೆ 8189 ಬೈಟ್. 511 ಅರೇ, ಉಳಿಕೆ 13.